ಬರಗಾಲದ ನಾಡಿನಿಂದ ಮಾಲ್ಟಾಕ್ಕೆ

ಬೆಂಗಳೂರಿನ ರಾತ್ರಿ ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಚೆನ್ನೈ ವಿಮಾನ ನಿಲ್ದಾಣದಿಂದ ನೇರವಾಗಿ ಕೋಯಂಬೇಡಿಗೆ ಬಂದಿದ್ದೆ. ಹೊತ್ತು ಕಳೆಯಲು ಬಸ್ ನಿಲ್ದಾಣದ ಹತ್ತಿರದ ಸಗಟು ಮಾರುಕಟ್ಟೆಯ ಕಡೆಗೆ ನಡೆದೆ. 1996ರಲ್ಲಿ ಶುರುವಾದ ಈ ಮಾರುಕಟ್ಟೆಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಂಗಡಿಗಳಿವೆ. ಚೆನ್ನೈ ಮರುದಿನ ಉಣ್ಣುವುದು ಇಲ್ಲಿಗೆ ಹಿಂದಿನ ರಾತ್ರಿಯೇ ಬಂದಿಳಿಯುತ್ತದೆ. ಚಹಾ ಅಂಗಡಿಯ ಮುಂದೆ ಕನ್ನಡ ಕೇಳಿಸಿತು. ಕೋಲಾರದ ಕಡೆಯಿಂದ ಟೊಮೆಟೊ ತಂದ ಲಾರಿಯ ಚಾಲಕ. ನನ್ನ ಪೆಟ್ಟಿಗೆಗೆ ಅಂಟಿಸಿದ್ದ ವಿಮಾನದ ಚೀಟಿ ನೋಡಿ, "ಯಾವ ಕಡೆಯಿಂದ ಬರ್ತಿದ್ದೀರಾ ಸಾರ್?" ಅಂದ.

"ಮಾಲ್ಟಾ ಅಂತ. ಯುರೋಪಿನ ಒಂದು ದ್ವೀಪ ದೇಶ."

"ಅಲ್ಲೇನು ಬೆಳೀತಾರೆ?"

ನನ್ನನ್ನು ಈ ಪ್ರಶ್ನೆ ಕೇಳಿದ ಮೊದಲಿಗ ಅವನೇ. ಉಳಿದವರೆಲ್ಲ ಅಲ್ಲಿ ಏನೇನು ನೋಡಿದೆ ಎಂದಷ್ಟೇ ಕೇಳಿದ್ದರು. ಅವನ ಪ್ರಶ್ನೆಗೆ ಅಲ್ಲಿ ಕೊಟ್ಟ ಉತ್ತರ ತೀರಾ ಚಿಕ್ಕದಾಯಿತು. ಪೂರ್ತಿ ಉತ್ತರ ಇದು.

ಮಾಲ್ಟಾ ಇಡೀ ದೇಶ 316 ಚದರ ಕಿಲೋಮೀಟರ್, ಅಂದರೆ ಬೆಂಗಳೂರು ನಗರದ ಅರ್ಧಕ್ಕಿಂತ ಕಡಿಮೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಎಲ್ಲಿ ನೋಡಿದರೂ ಜೇನು ಬಣ್ಣದ ಸುಣ್ಣಕಲ್ಲು. ಮಣ್ಣು ತೆಳು. ಹೊಟ್ಟೆ ತುಂಬುವಷ್ಟು ಧಾನ್ಯ ಅಲ್ಲಿ ಎಂದೂ ಬೆಳೆದಿಲ್ಲ, ಶತಮಾನಗಳಿಂದ ಗೋಧಿ ಹಡಗಿನಲ್ಲೇ ಬರಬೇಕು. ಅಲ್ಲಿಯ ಊರುಗಳನ್ನು ಅರ್ಥ ಮಾಡಿಕೊಳ್ಳಲು ಇದಿಷ್ಟು ತಿಳಿದಿರಬೇಕು.

ರಾಜಧಾನಿ ವಲೆಟ್ಟಾ. 1565ರಲ್ಲಿ ಆಟೊಮನ್ ಸೇನೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಹಿಂದಿರುಗಿದ ಮೇಲೆ, ದ್ವೀಪವನ್ನಾಳುತ್ತಿದ್ದ ಸಂತ ಜಾನ್ ಪಂಥದ ಯೋಧರು 1566ರಲ್ಲಿ ಕಟ್ಟತೊಡಗಿದ ಕೋಟೆ ನಗರ. ಬೀದಿಗಳು ಚದುರಂಗದ ಮನೆಗಳಂತೆ ನೇರ. ಸಂತ ಜಾನ್ ಚರ್ಚಿನಲ್ಲಿ ಕಾರವಾಜಿಯೊ 1608ರಲ್ಲಿ ಬಿಡಿಸಿದ ದೊಡ್ಡ ಚಿತ್ರವಿದೆ. ಬಂದರಿನ ಆಚೆ ದಡದಲ್ಲಿ ಬಿರ್ಗು, ಸೆಂಗ್ಲಿಯಾ, ಬೊರ್ಮ್ಲಾ ಎಂಬ ಮೂರು ಹಳೆಯ ಊರುಗಳು. ಒಳನಾಡಿನ ಗುಡ್ಡದ ಮೇಲೆ ಹಳೆಯ ರಾಜಧಾನಿ ಮ್ದಿನಾ. ಹೆಸರಿನಲ್ಲೇ ಅರಬ್ಬಿ ಇದೆ, ಭಾಷೆಯ ಬೇರೂ ಅರಬ್ಬಿಯೇ. ರೊಟ್ಟಿಗೆ ಅವರು ಹೇಳುವ ಪದ ಅರಬ್ಬಿಯ ಖುಬ್ಜ್‌ನಿಂದ ಬಂದದ್ದು.

ನಾನು ಹೆಚ್ಚು ಹೊತ್ತು ನಿಂತದ್ದು ಮಾತ್ರ ವಲೆಟ್ಟಾದ ಬಾಗಿಲ ಹೊರಗಿನ ಫ್ಲೋರಿಯಾನಾದಲ್ಲಿ. ಸಂತ ಪಬ್ಲಿಯಸ್ ಚರ್ಚಿನ ಮುಂದೆ ವಿಶಾಲವಾದ ಬಯಲು, ಬಯಲ ತುಂಬ ಸಾಲುಸಾಲಾಗಿ ದುಂಡನೆಯ ಕಲ್ಲಿನ ಮುಚ್ಚಳಗಳು. ಒಟ್ಟು 76. ಒಂದೊಂದರ ಕೆಳಗೂ ಒಂದೊಂದು ಧಾನ್ಯದ ಗುಂಡಿ: ಬಾಯಿ ಕಿರಿದು, ಒಡಲು ಅಗಲ. ನೋಡಿದ ಕೂಡಲೇ ಬಾಯಿಗೆ ಬಂದ ಮಾತು ಒಂದೇ, ಹಗೇವು! ನಮ್ಮ ಬಯಲುಸೀಮೆಯಲ್ಲಿ ಜೋಳ, ರಾಗಿ ತುಂಬಿ, ಹುಲ್ಲು ಹೊದಿಸಿ, ಮಣ್ಣಿನಿಂದ ಬಾಯಿ ಮುಚ್ಚುತ್ತಿದ್ದರಲ್ಲ, ಅದೇ. ತೆಗೆದ ತಕ್ಷಣ ಇಳಿಯಬಾರದು, ಒಳಗಿನ ಕೆಟ್ಟ ಗಾಳಿ ಹೋಗಲಿ ಎನ್ನುತ್ತಿದ್ದ ಹಿರಿಯರು ನಿಮ್ಮ ಮನೆಯಲ್ಲೂ ಇದ್ದಿರಬಹುದು. ಫ್ಲೋರಿಯಾನಾದ ಗುಂಡಿಗಳನ್ನು ಆ ಯೋಧರು ಮುತ್ತಿಗೆಯ ಭಯಕ್ಕೆ ಕೊರೆಸಿದರು, ಆಮೇಲೆ ಬಂದ ಬ್ರಿಟಿಷರೂ ಅದನ್ನೇ ಮುಂದುವರಿಸಿದರು. ಧಾನ್ಯವಿರುವ ತನಕ ಊರು ಬೀಳುವುದಿಲ್ಲ ಎಂಬುದು ಅವರ ಲೆಕ್ಕ.

ಯುರೋಪ್ ಪ್ರವಾಸ ಎಂದರೆ ನಮಗೆ ನೆನಪಾಗುವುದು ಕಾರಂತರ 'ಅಪೂರ್ವ ಪಶ್ಚಿಮ', ಗೋಕಾಕರ 'ಸಮುದ್ರದಾಚೆಯಿಂದ'. ಅವರಿಗಿಂತ ಎಷ್ಟೋ ಮೊದಲೇ, 1878ರ ಬೇಸಿಗೆಯಲ್ಲಿ, ದಕ್ಷಿಣ ಭಾರತದ ಜನ ಗುಂಪಾಗಿ ಮಾಲ್ಟಾಕ್ಕೆ ಹೋಗಿದ್ದರು. ರಷ್ಯಾ ತುರ್ಕಿಯನ್ನು ಸೋಲಿಸಿ ಮಾರ್ಚ್ 3ರಂದು ಸಾನ್ ಸ್ಟೆಫಾನೊದಲ್ಲಿ ಒಪ್ಪಂದ ಬರೆಸಿಕೊಂಡಿತ್ತು. ರಷ್ಯಾವನ್ನು ಹೆದರಿಸಲು ಬ್ರಿಟಿಷ್ ಪ್ರಧಾನಿ ಡಿಸ್ರೇಲಿ ಭಾರತದಿಂದ ಸುಮಾರು 7,000 ಸೈನಿಕರನ್ನು ಸೂಯೆಜ್ ಮೂಲಕ ಮಾಲ್ಟಾಕ್ಕೆ ತರಿಸಿದರು. ಏಪ್ರಿಲ್‌ನಲ್ಲಿ ಆದೇಶ, ಮೇ ಕೊನೆಯ ಹೊತ್ತಿಗೆ ಹಡಗುಗಳು ದ್ವೀಪದಲ್ಲಿ. ಗೂರ್ಖಾಗಳು, ಬಂಗಾಳ ಮತ್ತು ಮುಂಬಯಿ ಪಡೆಗಳ ಜೊತೆ 25ನೇ ಮದ್ರಾಸ್ ಕಾಲಾಳು ಪಡೆ, ಮದ್ರಾಸ್ ಸ್ಯಾಪರ್ಸ್ ದಳದವರೂ ಇದ್ದರು. ಸ್ಯಾಪರ್ಸ್ ಎಂದರೆ ಕಂದಕ ತೋಡುವ, ಸೇತುವೆ, ರಸ್ತೆ ಕಟ್ಟುವ ಪಡೆ. 1834ರಿಂದ ಅವರ ನೆಲೆ ಬೆಂಗಳೂರು. ಇಂದು ಹಲಸೂರು ಕೆರೆಯ ಹತ್ತಿರ ಇರುವ ಮದ್ರಾಸ್ ಎಂಜಿನಿಯರ್ ಗ್ರೂಪ್ ಅದರ ಮುಂದುವರಿಕೆ.

ಅವರು ಬಿಟ್ಟು ಹೋದ ನಾಡು ಯಾವ ಸ್ಥಿತಿಯಲ್ಲಿತ್ತು? ಧಾತು, ಈಶ್ವರ ಸಂವತ್ಸರಗಳ ಬರ ಆಗಷ್ಟೇ ಕಳೆಯುತ್ತಿತ್ತು. ತಮಿಳರು ಇಂದಿಗೂ ಅದನ್ನು ಧಾತು ವರ್ಷದ ಬರ ಎನ್ನುತ್ತಾರೆ. ಮಳೆ ಮತ್ತೆ ಮತ್ತೆ ಕೈಕೊಟ್ಟು ಹಗೇವುಗಳೂ ಬರಿದಾದವು. ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. 1871ರ ಜನಗಣತಿಯಲ್ಲಿ ಅಲ್ಲಿದ್ದವರು 50.5 ಲಕ್ಷ, 1881ರಲ್ಲಿ 41.8 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಜನಸಂಖ್ಯೆ ಎಂಟು ಲಕ್ಷಕ್ಕೂ ಮಿಕ್ಕಿ ಇಳಿದಿತ್ತು.

ಮದ್ರಾಸಿನಲ್ಲೂ ಅಷ್ಟೇ. ಕೋಯಂಬೇಡಿನ ಬದಿಯಲ್ಲಿ ಹರಿಯುವ ಕೂವಂ ನದಿ ನಗರದೊಳಗೆ ಬಕಿಂಗ್‌ಹ್ಯಾಮ್ ಕಾಲುವೆಯನ್ನು ಕೂಡುತ್ತದೆ. ಕೂವಂ, ಅಡ್ಯಾರ್ ನದಿಗಳನ್ನು ಜೋಡಿಸುವ ಆ ಕಾಲುವೆಯ ಭಾಗವನ್ನು ತೋಡಿದ್ದು ಬರದ ಕೂಲಿಗಳು, 1877-78ರಲ್ಲಿ. ಸರ್ಕಾರದ ಪ್ರತಿನಿಧಿಯಾಗಿ ಬಂದ ರಿಚರ್ಡ್ ಟೆಂಪಲ್ ಪರಿಹಾರ ಕೂಲಿಯನ್ನು ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದಿಷ್ಟು ಕಾಸಿಗೆ ಇಳಿಸಿದರು. ಮೈಮುರಿದು ದುಡಿಯುವವರಿಗೆ ಇದು ಸಾಲದು ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ವಾದಿಸಿದರು. ಧಾನ್ಯದ ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದು ಎಂಬುದು ವೈಸರಾಯ್ ಲಿಟ್ಟನ್ ಅವರ ನೀತಿ. ಬರದ ವರ್ಷಗಳಲ್ಲೂ ಭಾರತದ ಗೋಧಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಏಳು ಸಾವಿರ ಜನರನ್ನು ಕೆಲವೇ ವಾರಗಳಲ್ಲಿ ಸಮುದ್ರ ದಾಟಿಸಲು ಹಡಗು, ಹಣ, ವ್ಯವಸ್ಥೆ ಎಲ್ಲವೂ ಇತ್ತು. ಸೇನೆ ಎಂದಮೇಲೆ ಅದರ ಊಟವೂ ಜೊತೆಗೆ ಹೋಗಲೇಬೇಕು, ಹೋಯಿತು. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ದೊಡ್ಡ ಜಗಳವೇ ಆಯಿತು: ಸದನದ ಒಪ್ಪಿಗೆಯಿಲ್ಲದೆ ಭಾರತದ ಪಡೆಯನ್ನು ಯುರೋಪಿಗೆ ತರಬಹುದೇ ಎಂದು. ಸೈನಿಕರು ಯಾವ ಹಸಿದ ನಾಡಿನಿಂದ ಬಂದವರು ಎಂಬುದು ಆ ಜಗಳದ ವಿಷಯವಾಗಿರಲಿಲ್ಲ.

ಯುದ್ಧವೇನೂ ನಡೆಯಲಿಲ್ಲ. ಜೂನ್, ಜುಲೈನಲ್ಲಿ ಬರ್ಲಿನ್‌ನಲ್ಲಿ ಮಾತುಕತೆ ಮುಗಿಯಿತು. ಸೈಪ್ರಸ್ ಬ್ರಿಟಿಷರ ಕೈಗೆ ಬಂತು, ಭಾರತೀಯ ದಳದ ಒಂದು ಭಾಗ ಆ ಇನ್ನೊಂದು ದ್ವೀಪಕ್ಕೂ ಹೋಯಿತು. ಉಳಿದವರು ಮನೆಯ ಕಡೆ ತಿರುಗಿದರು.

ಮಾಲ್ಟಾದವರೇನೂ ಹಸಿವನ್ನು ಅರಿಯದವರಲ್ಲ. 1919ರ ಜೂನ್ 7ರಂದು ರೊಟ್ಟಿಯ ಬೆಲೆ ಏರಿದ್ದಕ್ಕೆ ವಲೆಟ್ಟಾದ ಬೀದಿಗಿಳಿದ ಜನರ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದರು. ಆ ಗಲಭೆಯಲ್ಲಿ ನಾಲ್ವರು ಸತ್ತರು, ಆ ದಿನ ಈಗ ಅವರ ರಾಷ್ಟ್ರೀಯ ದಿನಗಳಲ್ಲೊಂದು. ಗುಂಡಿಯಲ್ಲಿ ಧಾನ್ಯ ಇದ್ದರೆ ಸಾಲದು, ಅದರ ಮುಚ್ಚಳ ಯಾರ ಕೈಯಲ್ಲಿದೆ ಎಂಬುದೂ ಮುಖ್ಯ. ಇದನ್ನು ಅವರೂ ಕಲಿತರು, ನಾವೂ ಕಲಿತೆವು. ನಾವು ತೆತ್ತ ಬೆಲೆ ಮಾತ್ರ ಲಕ್ಷಗಳಲ್ಲಿತ್ತು.

ಚಾಲಕನಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. "ಅಲ್ಲಿ ಹೆಚ್ಚೇನೂ ಬೆಳೆಯಲ್ಲ, ಎಲ್ಲಾ ಹೊರಗಿಂದ ತರ್ತಾರೆ" ಅಂದೆ.

"ಈ ಊರೂ ಹಾಗೇ ಅಲ್ವಾ ಸಾರ್" ಎಂದು ನಕ್ಕು, ಲೋಟ ಇಟ್ಟು, ಕ್ರೇಟು ಇಳಿಸುವವರನ್ನು ಕೂಗುತ್ತಾ ಹೋದ. ನನ್ನ ಬಸ್ಸಿನ ಹೊತ್ತಾಗಿತ್ತು.