ಕೋಳಿಗೆ ಉಪ್ಪುನೀರು



ಕೋಳಿಗೆ ಉಪ್ಪು, ಅರಿಸಿನ ಸವರಿಡುವುದು ನಿಮಗೇನು ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, ಅಂದರೆ 12ನೆಯ ಶತಮಾನದಲ್ಲೇ, ಮಾಂಸಕ್ಕೆ ಉಪ್ಪು, ಇಂಗು, ಹುಳಿ ಹಾಕುವ ಮಾತಿದೆ. ಆದರೆ ಅದು ಅರಮನೆಯ ಅಡಿಗೆ.

ಬಡವರ ಮಾತೇ ಬೇರೆ. ನಮ್ಮೂರುಗಳಿದ್ದ ಮೈಸೂರು ಸಂಸ್ಥಾನಕ್ಕೆ ಕಡಲಿರಲಿಲ್ಲ. ಉಪ್ಪು ಹೊರಗಿನಿಂದ ಬರಬೇಕು. ಬರುವಾಗ ಬ್ರಿಟಿಷರ ಕರವನ್ನೂ ಹೊತ್ತು ಬರುತ್ತಿತ್ತು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ನಮ್ಮ ಜನ ಉಪ್ಪಿನ ಕಾನೂನು ಮುರಿದರು. 1947ರಲ್ಲಿ ಕರ ಹೋಯಿತು. ಹೀಗೆ ಕಷ್ಟಪಟ್ಟು ಮನೆಗೆ ಬಂದ ಉಪ್ಪನ್ನು ಅಳತೆಯರಿತು ಬಳಸೋಣ.

ಕ್ರಮ ಕೇಳಿ. ಒಂದು ಲೀಟರು ನೀರಿಗೆ 50 ಗ್ರಾಂ ಉಪ್ಪು ಕರಗಿಸಿ, ಕೋಳಿ ತುಂಡು ಮುಳುಗಿಸಿ. ಅರ್ಧ ಗಂಟೆ ಸಾಕು. ಉಪ್ಪು ಮಾಂಸದ ಎಳೆಗಳನ್ನು ಸಡಿಲಿಸುತ್ತದೆ. ಅವು ನೀರು ಹಿಡಿದುಕೊಳ್ಳುತ್ತವೆ. ಬೆಂದರೂ ಮಾಂಸ ಒಣಗುವುದಿಲ್ಲ. ಸಾರಿಗೆ ಉಪ್ಪು ಕಡಿಮೆ ಹಾಕಿ.

ಒಂದು ಎಚ್ಚರ! ಉಪ್ಪು ಹಾಕಿದೆವಲ್ಲ, ಬೆಳಗಿನವರೆಗೂ ಇದ್ದೀತು ಅನ್ನಬೇಡಿ. ಒಣಮೀನಿಗೆ ಹಾಕುವ ಉಪ್ಪೇ ಬೇರೆ. ಇಷ್ಟು ಉಪ್ಪು ಮಾಂಸ ಕೆಡುವುದನ್ನು ತಡೆಯದು. ಫ್ರಿಜ್ ಇಲ್ಲದ ಮನೆಯಲ್ಲಿ ಒಂದು ಗಂಟೆ ಮೀರಿಸಬೇಡಿ. ಆ ನೀರು ಚೆಲ್ಲಿ, ಕೈ ತೊಳೆದು, ಮೂಳೆಯವರೆಗೂ ಬೇಯಿಸಿ. ರುಚಿಗಿಂತ ಮಕ್ಕಳ ಹೊಟ್ಟೆ ದೊಡ್ಡದು.