ಸರೋವರ ಸೀಮೆಯ ಒಡೆಯರು ಯಾರು?

ನಿಂತ ನೀರಿಗೆ ನಮ್ಮ ನುಡಿಯಲ್ಲಿ ಹೆಸರು ಒಂದೇ ಅಲ್ಲ. ಕೆರೆ ಬೇರೆ, ಕಟ್ಟೆ ಬೇರೆ. ಕೊಳ, ಕುಂಟೆ, ಹೊಂಡ, ಮಡು ಇವುಗಳಲ್ಲಿ ಒಂದನ್ನು ಇನ್ನೊಂದರ ಜಾಗದಲ್ಲಿಟ್ಟು ಆಡಿದರೆ ಹಳ್ಳಿಯ ಹುಡುಗನೂ ನಕ್ಕಾನು. ನೀರಿನೊಡನೆ ಬಹುಕಾಲ ಬಾಳಿದ ಜನರ ಭಾಷೆಗೆ ಇದು ಸಹಜವಾದ ಗುಣ. ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿಯೂ ಇಂಥದೊಂದು ಪ್ರದೇಶವುಂಟು. ಅಲ್ಲಿಯವರು ಅದನ್ನು ‘ಲೇಕ್ ಡಿಸ್ಟ್ರಿಕ್ಟ್’ ಎನ್ನುತ್ತಾರೆ. ನಾವು ಸರೋವರ ಸೀಮೆ ಎನ್ನೋಣ. ಸೋಜಿಗವೆಂದರೆ, ಆ ಸೀಮೆಯ ದೊಡ್ಡ ಸರೋವರಗಳ ಪೈಕಿ ಹೆಸರಿನಲ್ಲಿ ‘ಲೇಕ್’ ಎಂಬ ಮಾತನ್ನು ಹೊತ್ತಿರುವುದು ಬ್ಯಾಸೆಂತ್‌ವೇಟ್ ಒಂದೇ. ಉಳಿದವುಗಳಲ್ಲಿ ಕೆಲವು ‘ಮಿಯರ್’, ಕೆಲವು ‘ವಾಟರ್’. ಬೆಟ್ಟದ ಮಡಿಲಿನ ಪುಟ್ಟ ಕೊಳಗಳು ‘ಟಾರ್ನ್’.

ನಮ್ಮ ಬಯಲುಸೀಮೆಯ ಕೆರೆಗಳನ್ನು ಮನುಷ್ಯರು ಏರಿ ಕಟ್ಟಿ ನಿಲ್ಲಿಸಿದರು. ಅಲ್ಲಿಯ ಸರೋವರಗಳನ್ನು ತೋಡಿದ್ದು ಹಿಮ. ಹಿಮಯುಗದಲ್ಲಿ ಬೆಟ್ಟಗಳಿಂದ ಮೆಲ್ಲಮೆಲ್ಲನೆ ಜಾರಿಬಂದ ಹಿಮನದಿಗಳು ಕಣಿವೆಗಳನ್ನು ಆಳವಾಗಿ ಕೊರೆದುವು. ಅವು ತಂದೊಡ್ಡಿದ ಕಲ್ಲುಮಣ್ಣೇ ಎಷ್ಟೋ ಕಡೆ ಏರಿಯಾಯಿತು. ಇವುಗಳಲ್ಲಿ ದೊಡ್ಡದಾದ ವಿಂಡರ್‌ಮಿಯರ್ ಹತ್ತು ಮೈಲಿಗೂ ಮಿಕ್ಕ ಉದ್ದದ್ದು. ಇಂಗ್ಲೆಂಡಿನ ಅತ್ಯುನ್ನತ ಶಿಖರವಾದ ಸ್ಕಾಫೆಲ್ ಪೈಕ್ ಇರುವುದೂ ಇಲ್ಲಿಯೇ. ಅದರ ಎತ್ತರ 978 ಮೀಟರು; ಸಮುದ್ರಮಟ್ಟದಿಂದ ಎಣಿಸಿದರೆ ನಮ್ಮ ಚಾಮುಂಡಿ ಬೆಟ್ಟಕ್ಕಿಂತ ತುಸು ತಗ್ಗೇ. ಹಾಗಿದ್ದರೂ ಈ ಸಣ್ಣ ಸೀಮೆಯ ಚರಿತ್ರೆ ಒಂದು ದೊಡ್ಡ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ಬೆಟ್ಟ, ವನ, ಸರೋವರಗಳ ಚೆಲುವು ಯಾರ ಸೊತ್ತು? ನೆಲಕ್ಕೆ ಹಣ ತೆತ್ತವರದೆ, ಅಲ್ಲಿ ಹುಟ್ಟಿ ಬೆಳೆದವರದೆ, ನೋಡಲು ಬಂದವರೆಲ್ಲರದೆ?

ಮೊದಲಿಗೆ ಅದನ್ನು ಚೆಲುವೆಂದು ಕರೆದವರೇ ವಿರಳ. ರಾಬಿನ್ಸನ್ ಕ್ರೂಸೋವಿನ ಕತೆ ಬರೆದ ಡೇನಿಯಲ್ ಡೀಫೋ 1720ರ ದಶಕದಲ್ಲಿ ತನ್ನ ದೇಶಸಂಚಾರದ ಗ್ರಂಥವನ್ನು ಪ್ರಕಟಿಸಿದ. ಈ ಕಡೆಯ ಬೆಟ್ಟಗಾಡು ಅವನ ಕಣ್ಣಿಗೆ ಬರಡಾಗಿ, ಭಯಂಕರವಾಗಿ ಕಂಡಿತು. ಐವತ್ತು ವರ್ಷ ಕಳೆಯುವಷ್ಟರಲ್ಲಿ ನೋಟವೇ ಬದಲಾಯಿತು. 1769ರಲ್ಲಿ ಕವಿ ಥಾಮಸ್ ಗ್ರೇ ಇಲ್ಲಿ ಸಂಚರಿಸಿ ತನ್ನ ಅನುಭವವನ್ನು ಬರೆದಿಟ್ಟ. 1778ರಲ್ಲಿ ಥಾಮಸ್ ವೆಸ್ಟ್ ಎಂಬಾತ ಪ್ರವಾಸಿಗರಿಗೆಂದು ಒಂದು ಕೈಪಿಡಿಯನ್ನೇ ಹೊರತಂದು, ಯಾವ ಯಾವ ನೆಲೆಯಲ್ಲಿ ನಿಂತು ಏನನ್ನು ನೋಡಬೇಕೆಂದು ಗೊತ್ತುಮಾಡಿಕೊಟ್ಟ. ಆ ಕಾಲದ ರಸಿಕರು ಮಸುಕು ಬಣ್ಣದ ಉಬ್ಬುಗನ್ನಡಿಯೊಂದನ್ನು ಜೊತೆಯಲ್ಲಿ ಒಯ್ಯುತ್ತಿದ್ದರು. ಸರೋವರಕ್ಕೆ ಬೆನ್ನು ತಿರುಗಿಸಿ ನಿಂತು, ಕನ್ನಡಿಯಲ್ಲಿ ಅದರ ಬಿಂಬವನ್ನು ನೋಡಿ, ಚಿತ್ರದಂತಿದೆಯೆಂದು ತಲೆದೂಗುತ್ತಿದ್ದರು! ತಾವು ನಗಬಹುದು. ಆದರೆ ಈಗಿನವರೂ ಕೈಯಲ್ಲಿನ ಯಂತ್ರವನ್ನು ಮೇಲೆತ್ತಿ, ಕಂಡದ್ದಕ್ಕೆ ಬೆನ್ನು ಹಾಕಿಯೇ ಅಲ್ಲವೆ ಪಟ ತೆಗೆದುಕೊಳ್ಳುವುದು?

ಈ ಸೀಮೆಯನ್ನು ಕನ್ನಡಿಯಲ್ಲಿ ನೋಡದೆ ನೇರವಾಗಿ ನೋಡಿದವನು ವಿಲಿಯಂ ವರ್ಡ್ಸ್‌ವರ್ತ್. ನಮ್ಮ ನವೋದಯದ ಹಿರಿಯರು ಮೆಚ್ಚಿ ಓದಿದ ಆಂಗ್ಲ ಕವಿಗಳಲ್ಲಿ ಆತನೂ ಒಬ್ಬನಾದ್ದರಿಂದ ಕನ್ನಡಿಗರಿಗೆ ಅವನ ಹೆಸರು ಹೊಸದಲ್ಲ. 1770ರಲ್ಲಿ ಇಲ್ಲಿಯ ಕಾಕರ್‌ಮತ್ ಎಂಬ ಊರಿನಲ್ಲಿ ಹುಟ್ಟಿದ ಆತ, 1799ರ ಕೊನೆಯಲ್ಲಿ ತಂಗಿ ಡಾರತಿಯೊಡನೆ ಗ್ರಾಸ್‌ಮಿಯರಿಗೆ ಬಂದು ನೆಲೆಸಿದ. ಆತ ಕವಿತೆಯನ್ನಷ್ಟೇ ಬರೆಯಲಿಲ್ಲ; ಈ ಸೀಮೆಗೆ ಗದ್ಯದಲ್ಲಿ ಒಂದು ಮಾರ್ಗದರ್ಶಿಯನ್ನೂ ಬರೆದ. 1810ರಲ್ಲಿ ಮತ್ತೊಬ್ಬರ ಚಿತ್ರಸಂಪುಟಕ್ಕೆ ಹೆಸರಿಲ್ಲದ ಮುನ್ನುಡಿಯಾಗಿ ಹೊರಟ ಆ ಬರಹ, ಬೆಳೆಯುತ್ತ ಬೆಳೆಯುತ್ತ 1835ರಲ್ಲಿ ಐದನೆಯ ಮುದ್ರಣವನ್ನು ಕಂಡಿತು. ಬೆಟ್ಟದ ನಡುವಿನಿಂದ ಕಣಿವೆಗಳು ಗಾಲಿಯ ಅರಗಳಂತೆ ಎಲ್ಲ ದಿಕ್ಕಿಗೂ ಹರಡಿರುವುದನ್ನು ಆತ ಅದರಲ್ಲಿ ವರ್ಣಿಸಿದ್ದಾನೆ. ಹಣವಂತರು ಹೊರಗಿನಿಂದ ಬಂದು ಬೆಳ್ಳಗೆ ಸುಣ್ಣ ಬಳಿದ ಮನೆಗಳನ್ನು ಎಬ್ಬಿಸಿದ್ದಕ್ಕೂ, ನೆಲಕ್ಕೆ ಒಗ್ಗದ ಮರಗಳನ್ನು ಸಾಲುಸಾಲಾಗಿ ನೆಟ್ಟದ್ದಕ್ಕೂ ಮರುಗಿದ್ದಾನೆ. ಕೊನೆಗೆ ಒಂದು ಮಾತನ್ನು ಸೇರಿಸಿದ್ದಾನೆ: ಈ ಸೀಮೆಯನ್ನು ಒಂದು ಬಗೆಯ ರಾಷ್ಟ್ರದ ಸ್ವತ್ತೆಂದು ಭಾವಿಸಬೇಕು, ಇದನ್ನು ಕಂಡು ಸವಿಯಬಲ್ಲ ಯಾರಿಗೂ ಇದರಲ್ಲಿ ಪಾಲುಂಟು. ಆತನ ಅಭಿಪ್ರಾಯದ ತಾತ್ಪರ್ಯವಿದು. ದೇಶದ ನೆಲವೆಲ್ಲ ಜಮೀನುದಾರರ ಬೇಲಿಯೊಳಗಿದ್ದ ಕಾಲದಲ್ಲಿ ಇದು ಸಾಮಾನ್ಯವಾದ ಮಾತಲ್ಲ.

ಆದರೆ ಆ ಮಾತಿಗೆ ಪರೀಕ್ಷೆ ಬಂದಾಗ ಆಡಿದವನೇ ಹಿಂಜರಿದ. 1844ರಲ್ಲಿ ಕೆಂಡಾಲಿನಿಂದ ವಿಂಡರ್‌ಮಿಯರಿನ ಕಡೆಗೆ ಹೊಗೆಬಂಡಿಯ ದಾರಿ ಹಾಕುವ ಯೋಜನೆ ಹೊರಟಿತು. ಗಿರಣಿಯ ಊರುಗಳ ಕೂಲಿಕಾರರು ರಜೆಯ ದಿನ ಅಗ್ಗದ ಟಿಕೇಟಿನಲ್ಲಿ ಬಂದು ಸರೋವರವನ್ನು ನೋಡಿ ಹೋಗಬಹುದೆಂಬುದು ಅದರ ಪರವಾಗಿ ಹೇಳಿದ ವಾದಗಳಲ್ಲೊಂದು. ಎಪ್ಪತ್ತನ್ನು ದಾಟಿ ರಾಷ್ಟ್ರಕವಿಯ ಪೀಠದಲ್ಲಿದ್ದ ವರ್ಡ್ಸ್‌ವರ್ತ್ ಇದನ್ನು ವಿರೋಧಿಸಿ ಪತ್ರಿಕೆಗೆ ಬರೆದ. ಪ್ರಕೃತಿಯ ಸವಿ ಬಹುಕಾಲದ ಸಂಸ್ಕಾರದಿಂದ ಬರತಕ್ಕದ್ದು. ದುಡಿಯುವವರನ್ನು ಗುಂಪುಗುಂಪಾಗಿ ಬಂಡಿಯಲ್ಲಿ ತುಂಬಿ ತಂದರೆ ಅವರಿಗೂ ಲಾಭವಿಲ್ಲ, ಸೀಮೆಗೂ ಕ್ಷೇಮವಿಲ್ಲ ಎಂದು ವಾದಿಸಿದ. ಎಲ್ಲರಿಗೂ ಪಾಲುಂಟೆಂದ ಬಾಯಲ್ಲೇ, ಪಾಲುದಾರರ ಯೋಗ್ಯತೆಯನ್ನು ಅಳೆಯುವ ಮಾತೂ ಬಂದಿತು. ರೈಲು ನಿಲ್ಲಲಿಲ್ಲ. 1847ರಲ್ಲಿ ಅದು ವಿಂಡರ್‌ಮಿಯರ್ ಸರೋವರಕ್ಕೆ ಸಮೀಪದವರೆಗೆ ಬಂದೇಬಂದಿತು. ಆದರೆ ಒಳಗಿನ ಗ್ರಾಸ್‌ಮಿಯರಿಗೆ ಅದು ಎಂದೂ ಹೋಗಲಿಲ್ಲ.

ಕವಿಯ ಅಂಜಿಕೆ ಪೂರಾ ಹುಸಿಯೆನ್ನುವಂತೆಯೂ ಇಲ್ಲ. ಆತ 1850ರಲ್ಲಿ ತೀರಿಕೊಂಡ ಮೇಲೆ ಇನ್ನೂ ದೊಡ್ಡ ಸಂಕಟ ಒದಗಿತು. ನಮ್ಮ ನೇಕಾರರ ಮಗ್ಗಗಳನ್ನು ಸೊರಗಿಸಿದ ಮ್ಯಾಂಚೆಸ್ಟರ್ ನಗರ ತಾನೇ ನೀರಿಗಾಗಿ ಬಾಯಿಬಿಡುತ್ತಿತ್ತು. ಥರ್ಲ್‌ಮಿಯರ್ ಸರೋವರಕ್ಕೆ ಅಣೆಕಟ್ಟು ಹಾಕಿ ನೀರನ್ನು ಒಯ್ಯಲು ನಗರಸಭೆ ಮುಂದಾಯಿತು. 1877ರಲ್ಲಿ ಅದನ್ನು ತಡೆಯಲು ಒಂದು ಸಂಘ ಹುಟ್ಟಿತು. ಕಾನಿಸ್ಟನ್ ಸರೋವರದ ದಡದಲ್ಲಿ ಮನೆ ಮಾಡಿದ್ದ ಜಾನ್ ರಸ್ಕಿನ್ನನೂ ವಿರೋಧಿಸಿದ. ಗಾಂಧೀಜಿಯವರ ‘ಸರ್ವೋದಯ’ಕ್ಕೆ ಮೂಲವಾದ ಪುಸ್ತಕವನ್ನು ಬರೆದ ರಸ್ಕಿನ್ ಈತನೇ. 1879ರಲ್ಲಿ ಪಾರ್ಲಿಮೆಂಟು ನಗರಕ್ಕೆ ಅನುಮತಿ ಕೊಟ್ಟಿತು. ಸರೋವರದ ಮಟ್ಟವೇರಿತು, ದಡದ ಮನೆಗಳು ಮುಳುಗಿದುವು. 1894ರಲ್ಲಿ ನೀರು ಮ್ಯಾಂಚೆಸ್ಟರಿಗೆ ಮುಟ್ಟಿತು. ಕನ್ನಂಬಾಡಿಯ ಕತೆ ಬಲ್ಲ ನಮಗೆ ಇದರ ಎರಡು ಮುಖಗಳೂ ತಿಳಿದಾವು. ಮುಳುಗಿದ್ದಕ್ಕೆ ಅತ್ತವರೂ ಸುಳ್ಳಲ್ಲ, ನೀರು ಕಂಡು ಕೈಮುಗಿದವರೂ ಸುಳ್ಳಲ್ಲ.

ಸೋತವರಲ್ಲಿ ಒಬ್ಬರು ಸುಮ್ಮನೆ ಕೂರಲಿಲ್ಲ. ಅವರು ಹಾರ್ಡ್‌ವಿಕ್ ರಾನ್ಸ್‌ಲಿ ಎಂಬ ಪಾದ್ರಿ. ಸರೋವರಗಳನ್ನು ಕಾಯಬೇಕಾದರೆ ಜನಕ್ಕೆ ಅಲ್ಲಿ ನಡೆದಾಡುವ ಹಕ್ಕಿರಬೇಕೆಂದು ಅವರು ಬಲ್ಲರು. ಕೆಸ್ವಿಕ್ ಊರಿನ ಬಳಿ ಲ್ಯಾಟ್ರಿಗ್ ಎಂಬ ಗುಡ್ಡಕ್ಕೆ ಹೋಗುತ್ತಿದ್ದ ಕಾಲುದಾರಿಯನ್ನು ನೆಲದ ಒಡೆಯರು ಮುಚ್ಚಿದಾಗ, ರಾನ್ಸ್‌ಲಿ ಅಧ್ಯಕ್ಷರಾಗಿದ್ದ ಸಂಘದವರು ಅದನ್ನು ಪ್ರತಿಭಟಿಸಿದರು. 1887ರ ಅಕ್ಟೋಬರಿನಲ್ಲಿ ಸುಮಾರು 2,000 ಜನ ಅಡ್ಡಗಟ್ಟಿದ್ದನ್ನು ದಾಟಿ ಗುಡ್ಡವನ್ನೇರಿದರು. ಮರುವರ್ಷ ವ್ಯಾಜ್ಯ ರಾಜಿಯಲ್ಲಿ ಮುಗಿದು ಶಿಖರದ ದಾರಿ ಸಾರ್ವಜನಿಕರಿಗೆ ತೆರೆಯಿತು.

1895ರಲ್ಲಿ ರಾನ್ಸ್‌ಲಿ, ಬಡವರ ವಸತಿಗಾಗಿ ದುಡಿದ ಆಕ್ಟೇವಿಯಾ ಹಿಲ್, ನ್ಯಾಯವಾದಿ ರಾಬರ್ಟ್ ಹಂಟರ್ ಈ ಮೂವರು ಕೂಡಿ ‘ನ್ಯಾಷನಲ್ ಟ್ರಸ್ಟ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಚೆಲುವಾದ ನೆಲವನ್ನು ಕೊಂಡು ರಾಷ್ಟ್ರದ ಪರವಾಗಿ ಶಾಶ್ವತವಾಗಿ ಕಾಯುವುದು ಅದರ ಕೆಲಸ. ವರ್ಡ್ಸ್‌ವರ್ತ್ ಆಡಿದ ಮಾತು ಹೀಗೆ ದಸ್ತಾವೇಜಿಗೆ ಇಳಿಯಿತು. ಕೆಲವೇ ವರ್ಷಗಳಲ್ಲಿ ಡರ್ವೆಂಟ್‌ವಾಟರಿನ ಪಶ್ಚಿಮ ದಡದ ಬ್ರ್ಯಾಂಡಲ್‌ಹೋ ಎಂಬ 108 ಎಕರೆ ವನಭೂಮಿ ಮಾರಾಟಕ್ಕೆ ಬಂದಿತು. ಬೇಕಾದದ್ದು ಸುಮಾರು 6,500 ಪೌಂಡು. ಟ್ರಸ್ಟಿನವರು ಜನರೆದುರು ಕೈಯೊಡ್ಡಿದರು. ಕೆಲವೇ ತಿಂಗಳಲ್ಲಿ ಹಣ ಕೂಡಿತು. ಕಾಣಿಕೆಯೊಡನೆ ಬಂದ ಪತ್ರಗಳಲ್ಲಿ ಒಬ್ಬ ಕೂಲಿಕಾರನದೂ ಇತ್ತು. ತಾನು ದುಡಿದು ತಿನ್ನುವವನು, ಎರಡು ಶಿಲ್ಲಿಂಗಿಗಿಂತ ಹೆಚ್ಚು ಕೊಡಲಾರೆನು. ಆದರೆ ಒಮ್ಮೆ ಡರ್ವೆಂಟ್‌ವಾಟರನ್ನು ನೋಡಿದ್ದೇನೆ, ಅದನ್ನು ಮರೆಯಲಾರೆನು ಎಂದು ಆತ ಬರೆದಿದ್ದ. ಕೂಲಿಕಾರರು ಬಂದರೆ ಸರೋವರ ಕೆಡುತ್ತದೆಂದು ಕವಿ ಅಂಜಿದ್ದ. ಅಂಥವನೊಬ್ಬ ಒಂದೇ ಸಲ ಬಂದು, ಕಂಡು, ಸರೋವರದ ದಡ ಉಳಿಯಲೆಂದು ತನ್ನ ಕೂಲಿಯಲ್ಲಿ ಪಾಲು ಕೊಟ್ಟ. 1902ರಲ್ಲಿ ಆ ವನ ಎಲ್ಲರಿಗೂ ತೆರೆಯಿತು.

ಮುಂದಿನದು ಈ ದಾರಿಯ ವಿಸ್ತಾರ. ಮಕ್ಕಳಿಗಾಗಿ ಮೊಲದ ಕತೆ ಬರೆದ ಬೀಟ್ರಿಕ್ಸ್ ಪಾಟರ್ ಪುಸ್ತಕದಿಂದ ಬಂದ ಹಣದಲ್ಲಿ ಇಲ್ಲಿ ಹೊಲಮನೆಗಳನ್ನು ಕೊಂಡು, ಬೆಟ್ಟದ ಕುರಿಗಳನ್ನು ಸಾಕಿ, 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಮೀರಿದ ನೆಲವನ್ನು ಟ್ರಸ್ಟಿಗೆ ಬಿಟ್ಟುಹೋದಳು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂದಿತು. 1951ರಲ್ಲಿ ಸರೋವರ ಸೀಮೆ ರಾಷ್ಟ್ರೀಯ ಉದ್ಯಾನವಾಯಿತು. ರಾಷ್ಟ್ರೀಯ ಉದ್ಯಾನವೆಂದರೆ ನಮಗೆ ಬಂಡೀಪುರದ ಕಾಡು ನೆನಪಾಗುತ್ತದೆ. ಅಲ್ಲಿಯದು ಬೇರೆ ಬಗೆ. ಊರುಗಳು, ಹೊಲಗಳು, ಕುರಿಮಂದೆಗಳು ಎಲ್ಲ ಅದರೊಳಗೇ ಇವೆ. ನೆಲದ ಬಹುಭಾಗ ಖಾಸಗಿಯವರ ಕೈಯಲ್ಲಿಯೇ ಇದೆ. 2017ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಬೆಟ್ಟದ ಜೊತೆಗೆ ಕುರುಬರ ಬಾಳೂ ಕಲ್ಲಿನ ಪೌಳಿಗಳೂ ಅಲ್ಲಿಯ ಚೆಲುವಿನ ಭಾಗವೆಂದು ಮನ್ನಣೆ ಪಡೆದುವು.

ಹಾಗೆಂದು ಕವಿಯ ಪ್ರಶ್ನೆ ಮುಗಿಯಲಿಲ್ಲ. ಈಗ ವರ್ಷಕ್ಕೆ ಒಂದು ಕೋಟಿಗೂ ಮೀರಿ ಜನ ಬರುತ್ತಾರೆ. ನಡೆದವರ ಕಾಲ್ತುಳಿತಕ್ಕೆ ಬೆಟ್ಟದ ದಾರಿಗಳು ಸವೆದು, ಅವನ್ನು ಕಲ್ಲು ಹಾಸಿ ಸರಿಪಡಿಸಬೇಕಾಗಿದೆ. ದೋಣಿಯಂತ್ರಗಳ ಭರಾಟೆ ಮಿತಿಮೀರಿದ್ದರಿಂದ 2005ರಲ್ಲಿ ವಿಂಡರ್‌ಮಿಯರಿನ ಮೇಲೆ ವೇಗದ ಮಿತಿ ಬಂದಿತು. ಕೊಳಚೆಯಿಂದಲೂ ಗೊಬ್ಬರದ ಸಾರದಿಂದಲೂ ಅದೇ ಸರೋವರದಲ್ಲಿ ಪಾಚಿ ಹಬ್ಬುವುದು ಈಗಿನ ದೊಡ್ಡ ಚಿಂತೆ. ಜನರನ್ನು ದೂರವಿಟ್ಟರೆ ಕಾಯುವವರಿಲ್ಲ. ಹತ್ತಿರ ಬಿಟ್ಟರೆ ಕೆಡುವ ಭಯ. ಇನ್ನೂರು ವರ್ಷದ ಅನುಭವವೂ ಈ ತೊಡಕನ್ನು ಪೂರ್ತಿ ಬಿಡಿಸಿಲ್ಲ. ಆದರೆ ಕಣ್ಣಾರೆ ಕಂಡು ಮೆಚ್ಚಿದವನೇ ಕೊನೆಗೆ ಕಾವಲಿಗೆ ನಿಲ್ಲುತ್ತಾನೆಂಬುದಕ್ಕೆ ಅದು ಸಾಕ್ಷಿ ಹೇಳುತ್ತದೆ.

ಮುಂದಿನ ರಜೆಯಲ್ಲಿ ತಾವು ಬುತ್ತಿ ಕಟ್ಟಿಕೊಂಡು ಮನೆಮಂದಿಯೊಡನೆ ಹತ್ತಿರದ ಕೆರೆಗೋ ವನಕ್ಕೋ ಹೋಗುವಿರಷ್ಟೆ. ಏರಿಯ ಮೇಲೆ ನಿಂತು, ಮಕ್ಕಳಿಗೆ ನೀರುಹಕ್ಕಿಯನ್ನು ತೋರಿಸುವಾಗ ಆ ಕೂಲಿಕಾರನನ್ನು ಒಮ್ಮೆ ನೆನೆಯಿರಿ. ನಾವು ಕೊಡಬೇಕಾದ ಎರಡು ಶಿಲ್ಲಿಂಗು ಹಣದ ರೂಪದಲ್ಲಿಯೇ ಇರಬೇಕೆಂದಿಲ್ಲ. ಅದು ಯಾವುದೆಂಬುದನ್ನು ಆ ನೀರಿನ ಮುಂದೆ ನಿಂತವರು ತಾವೇ ಎಣಿಸಿಕೊಳ್ಳಬಲ್ಲರು.