ಹಾಡುಗಳ ಲಯ ಹೊಂದಾಣಿಕೆ: ಅಡಾಸಿಟಿ ತಂತ್ರಾಂಶದ ಬಳಕೆ

ಬೇರೆ ಬೇರೆ ವೇಗದಲ್ಲಿ ಧ್ವನಿಮುದ್ರಣಗೊಂಡ ಹಾಡುಗಳನ್ನು ಒಂದೇ ನಡೆಗೆ ತರುವುದೇ ಲಯ ಹೊಂದಾಣಿಕೆ. ಶಾಲಾ ವಾರ್ಷಿಕೋತ್ಸವಕ್ಕೆ, ರಾಜ್ಯೋತ್ಸವಕ್ಕೆ ನಾಲ್ಕೈದು ಹಾಡುಗಳನ್ನು ಪೋಣಿಸಿ ನೃತ್ಯ ಸಿದ್ಧಪಡಿಸುವಾಗ ಇದರ ಅಗತ್ಯ ಬೀಳುತ್ತದೆ. ಮನೆ ಮತ್ತು ತರಗತಿಯ ಹೊರಗೆ ಕನ್ನಡ ಕಿವಿಗೆ ಬೀಳುವುದು ವಿರಳವಾಗುತ್ತಿರುವ ಗಡಿನಾಡಿನಲ್ಲಿ ಹಾಡು ಭಾಷೆಯ ಪಾಠವೂ ಹೌದು. ಆದುದರಿಂದ ಲಯ ಕೂಡಿದರೆ ಸಾಲದು, ಮಾತೂ ಸ್ಪಷ್ಟವಾಗಿ ಉಳಿಯಬೇಕು.

ತಂತ್ರಾಂಶ
ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಡೊಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಅವರು 1999ರಲ್ಲಿ ಆರಂಭಿಸಿದ ಅಡಾಸಿಟಿಯು 2000ದಲ್ಲಿ ಬಿಡುಗಡೆಗೊಂಡಿತು. ಇದು ಉಚಿತ, ಸ್ವತಂತ್ರ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುವುದರಿಂದ ಶಾಲೆಯ ಗಣಕದಲ್ಲಿಯೂ ಮನೆಯ ಗಣಕದಲ್ಲಿಯೂ ಬಳಸಬಹುದು.

ವೇಗದ ಎಣಿಕೆ
ನಿಮಿಷಕ್ಕೆ ಬೀಳುವ ಹೊಡೆತಗಳ ಸಂಖ್ಯೆಗೆ ಬಿಪಿಎಂ ಎಂದು ಹೆಸರು. ಹಾಡಿಗೆ ಕೈತಾಳ ಹಾಕುತ್ತ 30 ಸೆಕೆಂಡುಗಳಲ್ಲಿ ಬೀಳುವ ಹೊಡೆತಗಳನ್ನು ಎಣಿಸಿ ಎರಡರಿಂದ ಗುಣಿಸಿದರೆ ಅದು ದೊರೆಯುತ್ತದೆ. 48 ಹೊಡೆತಗಳಿದ್ದರೆ ವೇಗ 96. 54 ಇದ್ದರೆ 108. ಎರಡು ಹಾಡುಗಳಿಗೂ ಒಂದೇ ಕ್ರಮದಲ್ಲಿ ತಾಳ ಹಾಕಬೇಕು. ಒಂದನ್ನು ವಿಳಂಬದಲ್ಲಿ, ಇನ್ನೊಂದನ್ನು ದುಪ್ಪಟ್ಟು ಕಾಲದಲ್ಲಿ ಎಣಿಸಿದರೆ ಲೆಕ್ಕ ತಪ್ಪುತ್ತದೆ.

ವೇಗ ಮತ್ತು ಶ್ರುತಿ
'ಎಫೆಕ್ಟ್' ಪಟ್ಟಿಯಲ್ಲಿರುವ 'ಚೇಂಜ್ ಟೆಂಪೊ' ಶ್ರುತಿಯನ್ನು ಹಾಗೆಯೇ ಉಳಿಸಿ ವೇಗವನ್ನು ಮಾತ್ರ ಬದಲಿಸುತ್ತದೆ. 'ಚೇಂಜ್ ಸ್ಪೀಡ್' ಎರಡನ್ನೂ ಬದಲಿಸುತ್ತದೆ. ಎರಡನೆಯದನ್ನು ಬಳಸಿ 96ರ ಹಾಡನ್ನು 108ಕ್ಕೆ ಏರಿಸಿದರೆ, ಬಿಳಿ ಒಂದರ ಶ್ರುತಿ ಹೆಚ್ಚುಕಡಿಮೆ ಬಿಳಿ ಎರಡಕ್ಕೆ ಏರುತ್ತದೆ. ಜೊತೆಯಲ್ಲಿ ಹಾಡುವ ಮಕ್ಕಳಿಗೆ ಮೇಲಿನ ಸ್ವರಗಳು ಎಟುಕುವುದಿಲ್ಲ. ಆದರೆ ಹಳೆಯ ಕ್ಯಾಸೆಟ್ಟು ತಪ್ಪು ವೇಗದಲ್ಲಿ ಓಡಿ ದಾಖಲಾಗಿದ್ದರೆ ಅಲ್ಲಿ ಶ್ರುತಿಯೂ ಕೆಟ್ಟಿರುತ್ತದೆ. ಅದನ್ನು ತಿದ್ದಲು 'ಚೇಂಜ್ ಸ್ಪೀಡ್' ಬೇಕು.

ಹೊಂದಿಸುವ ಕ್ರಮ
ಮೂಲ ಕಡತದ ಪ್ರತಿಯೊಂದನ್ನು ಬೇರೆಡೆ ಉಳಿಸಿಕೊಂಡು ಹಾಡುಗಳನ್ನು ತೆರೆಯಬೇಕು. ಬದಲಿಸಬೇಕಾದ ಹಾಡನ್ನು ಆಯ್ದು, 'ಚೇಂಜ್ ಟೆಂಪೊ' ಕಿಟಕಿಯಲ್ಲಿ ಈಗಿನ ಮತ್ತು ಬೇಕಾದ ಬಿಪಿಎಂ ತುಂಬಿದರೆ ಶೇಕಡಾವಾರು ಬದಲಾವಣೆಯನ್ನು ತಂತ್ರಾಂಶವೇ ಲೆಕ್ಕ ಹಾಕುತ್ತದೆ. 96ರಿಂದ 108ಕ್ಕೆ ಏರಿಕೆ ಶೇ. 12.5, 90 ಸೆಕೆಂಡುಗಳ ಹಾಡು 80 ಸೆಕೆಂಡುಗಳಿಗೆ ಇಳಿಯುತ್ತದೆ. ಅಂತರವನ್ನು ಹಂಚಿಕೊಂಡು ಎರಡನ್ನೂ 102ಕ್ಕೆ ತರುವುದು ಮೇಲು: ಒಂದಕ್ಕೆ ಶೇ. 6.25 ಏರಿಕೆ, ಇನ್ನೊಂದಕ್ಕೆ ಸುಮಾರು ಶೇ. 5.6 ಇಳಿಕೆ. ಬದಲಾವಣೆ ಹೆಚ್ಚಿದಷ್ಟೂ ಒತ್ತಕ್ಷರಗಳು ಮಸುಕಾಗುತ್ತವೆ. ಹ್ರಸ್ವ ದೀರ್ಘಗಳ ಅಂತರ ಕಿವಿಗೆ ತಿಳಿಯದಾಗುತ್ತದೆ. ಹಾಡನ್ನು ಮೊದಲೇ ಅರಿಯದ ಒಬ್ಬ ವಿದ್ಯಾರ್ಥಿಗೆ ಕೇಳಿಸಿ, ಪದಗಳನ್ನು ಬರೆಯಿಸಿ ನೋಡುವುದೇ ಇದಕ್ಕೆ ತಕ್ಕ ಪರೀಕ್ಷೆ.

ಜೋಡಣೆ
ಒಂದು ಹಾಡನ್ನು ತಾಳದ ಆವರ್ತ ಮುಗಿಯುವಲ್ಲಿ ಕತ್ತರಿಸಿ, ಮುಂದಿನದನ್ನು ಆವರ್ತದ ಮೊದಲ ಹೊಡೆತದಿಂದ ಆರಂಭಿಸಬೇಕು. ವೇಗ ಒಂದೇ ಆದರೂ ತಾಳ ಒಂದೇ ಆಗುವುದಿಲ್ಲ. ಎಂಟರ ಆದಿತಾಳದ ಹಾಡಿನ ಬೆನ್ನಿಗೆ ಮೂರರ ನಡೆಯ ಹಾಡು ಬಂದರೆ ನರ್ತಿಸುವ ಹೆಜ್ಜೆ ತಪ್ಪುತ್ತದೆ. ನಡುವೆ ಚಿಕ್ಕ ವಾದ್ಯಭಾಗವಿರಲಿ. ಕೆಲಸ ಮುಗಿಯುವವರೆಗೆ ಯೋಜನಾ ಕಡತವಾಗಿಯೇ ಉಳಿಸಿ, ಕೊನೆಗೆ ವೇವ್ ರೂಪದಲ್ಲಿ ಒಂದು ಪ್ರತಿ, ಹಂಚಲು ಎಂಪಿ3 ರೂಪದಲ್ಲಿ ಇನ್ನೊಂದು ಪ್ರತಿ ತೆಗೆಯಬೇಕು.

ಹಿರಿಯರ ಹಾಡುಗಳು
ಅಜ್ಜಿಯಂದಿರು ಹಾಡಿದ ಸೋಬಾನೆ, ಜೋಗುಳ, ಬೀಸುವ ಪದಗಳಿಗೆ ಯಂತ್ರದ ಸಮವೇಗವಿಲ್ಲ. ಉಸಿರಿಗೆ ತಕ್ಕಂತೆ, ಕಲ್ಲು ತಿರುಗಿದಂತೆ ಅವು ಸಾಗುತ್ತವೆ. ಅವನ್ನು ಒಂದೇ ಬಿಪಿಎಂಗೆ ಬಗ್ಗಿಸಿದರೆ ಆ ಊರಿನ ಕನ್ನಡದ ಎಳೆತ, ನಿಲುಗಡೆಗಳು ಅಳಿಸಿಹೋಗುತ್ತವೆ. ಅಂಥ ಧ್ವನಿಮುದ್ರಣಗಳನ್ನು ಹಾಡಿದವರ ಹೆಸರು, ಊರು, ದಿನಾಂಕಗಳೊಂದಿಗೆ ಇದ್ದಂತೆಯೇ ಕಾಯ್ದಿಡಬೇಕೆಂದು ನಾವು ಪಾಲಕರನ್ನು ಕೋರುತ್ತೇವೆ. ವೇದಿಕೆಗೆ ಬೇಕಾದರೆ ಮಕ್ಕಳೇ ಆ ಹಾಡನ್ನು ಕಲಿತು, ತಮ್ಮ ಧ್ವನಿಯಲ್ಲಿ ಬೇಕಾದ ಲಯಕ್ಕೆ ಹಾಡಲಿ.